ಶಿರಸಿ, ಕಾರವಾರದಲ್ಲೇ ಕೂತು ಬೌದ್ಧಿಕ ಆಸ್ತಿ ವಕೀಲಿಕೆ: ಕಿರಿಯ ವಕೀಲರಿಗೆ ಕೈಪಿಡಿ

ಟ್ರೇಡ್‌ಮಾರ್ಕ್ (ಸರಕಿನ ಗುರುತು), ಕಾಪಿರೈಟ್ (ಕೃತಿಯ ಹಕ್ಕು), ಡೇಟಾ ಕಾನೂನು ಎಲ್ಲ ಬೆಂಗಳೂರಿನ ದೊಡ್ಡ ಫರ್ಮುಗಳ ಕೆಲಸ ಎಂದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾನೂನು ವಿದ್ಯಾರ್ಥಿಗಳಲ್ಲಿ ಹಲವರು ತಿಳಿದಿದ್ದಾರೆ. ಶಿರಸಿಯ ಯಾವುದಾದರೂ ದಿನಸಿ ಅಂಗಡಿಯ ಕಪಾಟಿನ ಮುಂದೆ ಐದು ನಿಮಿಷ ನಿಂತು ನೋಡಿ. ಮಿಡಿ ಉಪ್ಪಿನಕಾಯಿ, ಮುರುಗಲು ಶರಬತ್ತು, ಜೇನು, ಹಲಸಿನ ಹಪ್ಪಳ, ತೊಡದೇವು, ಕಾಳುಮೆಣಸು. ಒಂದೊಂದರ ಮೇಲೂ ಒಂದೊಂದು ಹೆಸರು, ಒಂದೊಂದು ಚಿತ್ರ. ಮನೆಗೆ ಬಂದು ಆ ಹೆಸರುಗಳನ್ನು ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಹಾಕಿ ತಾಳೆ ನೋಡಿ. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸಿಗದೇ ಹೋದ ಹೆಸರುಗಳ ಪಟ್ಟಿಯೇ ನಿಮ್ಮ ಮೊದಲ ವರ್ಷಗಳ ಕೆಲಸದ ಪಟ್ಟಿ.

ಈ ಕಾನೂನು ತಾರೀಖು ಮತ್ತು ಕಾಗದದ ಮೇಲೆ ನಿಂತಿದೆ. ಯಾರು ಮೊದಲು ಬಳಸಿದರು, ಯಾರು ಮೊದಲು ಬರೆದರು, ಯಾರಿಂದ ಯಾರಿಗೆ ಬರವಣಿಗೆಯಲ್ಲಿ ಹೋಯಿತು ಎಂಬುದನ್ನು ತೋರಿಸಿದವರ ಕೈ ಮೇಲಾಗುತ್ತದೆ. ನಮ್ಮ ಕಡೆಯ ವ್ಯವಹಾರ ಹೆಚ್ಚಿನದು ಬಾಯಿಮಾತಿನದು. ಜಗಳ ಬರುವ ಮೊದಲೇ ಕಾಗದ ಮಾಡಿಸುವ ವಕೀಲರು ಊರಿನಲ್ಲೇ ಇರಬೇಕು. ಬೆಂಗಳೂರಿನವರು ಆ ಕೆಲಸಕ್ಕೆ ಘಟ್ಟ ಇಳಿದು ಬರುವುದಿಲ್ಲ.

ಓದು, ಸನ್ನದು, ಪರೀಕ್ಷೆ

ಮೂರು ವರ್ಷದ ಎಲ್‌ಎಲ್‌ಬಿ ಆದರೂ ಸರಿ, ಐದು ವರ್ಷದ್ದಾದರೂ ಸರಿ. ಪದವಿ ಮುಗಿದ ಮೇಲೆ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಸನ್ನದು ಪಡೆಯಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ ನೋಂದಣಿ ಶುಲ್ಕ ಸಾಮಾನ್ಯ ವರ್ಗದವರಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಛಾಪಾ ಶುಲ್ಕ ಬೇರೆ. ಆಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ: 100 ಪ್ರಶ್ನೆ, ತೇರ್ಗಡೆಗೆ ಶೇ 45, ಪರಿಶಿಷ್ಟರಿಗೆ ಶೇ 40. ಟಿಪ್ಪಣಿಯಿಲ್ಲದ ಮೂಲ ಕಾಯ್ದೆ ಪುಸ್ತಕಗಳನ್ನು ಒಳಗೆ ಒಯ್ಯಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಇದೆ. ಟ್ರೇಡ್‌ಮಾರ್ಕ್ ಕೆಲಸ ಮಾಡಲು ಸನ್ನದು ಪಡೆದ ವಕೀಲರಿಗೆ ಬೇರೆ ಪರೀಕ್ಷೆ ಬೇಡ. ಟ್ರೇಡ್‌ಮಾರ್ಕ್ ಏಜೆಂಟ್ ಪರೀಕ್ಷೆ ಇರುವುದು ವಕೀಲರಲ್ಲದ ಪದವೀಧರರಿಗೆ. ಪೇಟೆಂಟಿನ ದಾರಿ ಬೇರೆ. ಪೇಟೆಂಟ್ ಕಚೇರಿಯ ಮುಂದೆ ಏಜೆಂಟ್ ಆಗಿ ಕೆಲಸ ಮಾಡಲು ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಲೇಬೇಕು, ಅದರ ಮೇಲೆ ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಈ ತೀರ್ಮಾನ ಪಿಯುಸಿ ಮುಗಿದಾಗಲೇ ಆಗಬೇಕಾದದ್ದು. ಪೇಟೆಂಟಿನ ಆಸೆಯಿದ್ದರೆ ಮೊದಲು ಬಿಎಸ್ಸಿಯೋ ಬಿಇಯೋ ಮಾಡಿ, ಅನಂತರ ಮೂರು ವರ್ಷದ ಕಾನೂನು ಪದವಿಗೆ ಬನ್ನಿ. ಐದು ವರ್ಷದ ಬಿಎ ಎಲ್‌ಎಲ್‌ಬಿ ಮುಗಿಸಿದವರು ಆ ಬಾಗಿಲು ಮುಚ್ಚಿದ್ದಕ್ಕೆ ಬೇಸರ ಪಡಬೇಕಿಲ್ಲ. ಪೇಟೆಂಟ್ ದಾವೆಯಲ್ಲಿ ವಾದಿಸಬಹುದು, ಕರಾರು ಬರೆಯಬಹುದು. ಆವಿಷ್ಕಾರದ ವಿವರಣಾ ಪತ್ರ ಬರೆಯಲು ಮಾತ್ರ ಒಬ್ಬ ಏಜೆಂಟರ ಜೊತೆ ಬೇಕು.

ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಡಿಎಲ್-101 ಎಂಬ ಆನ್‌ಲೈನ್ ತರಗತಿ ಉಚಿತ. ಅದನ್ನು ಕಾಲೇಜಿನಲ್ಲಿರುವಾಗಲೇ ಮುಗಿಸಿ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಈ ವಿಷಯದಲ್ಲಿ ದೂರಶಿಕ್ಷಣದ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ಪ್ರಮಾಣಪತ್ರಗಳಿಗೆ ಅಷ್ಟೇ ಬೆಲೆ. ಅದಕ್ಕಿಂತ ಎಷ್ಟೋ ಪಾಲು ಮುಖ್ಯವಾದದ್ದು ಸಿವಿಲ್ ಕಡೆಯ ಒಬ್ಬ ಒಳ್ಳೆಯ ಹಿರಿಯ ವಕೀಲರ ಬಳಿ ಎರಡು ವರ್ಷ. ದಾವಾಪತ್ರ ಬರೆಯುವುದು, ಮಧ್ಯಂತರ ತಡೆಯಾಜ್ಞೆಯ ಅರ್ಜಿ, ದಾಖಲೆ ಗುರುತಿಸುವುದು, ಪಾಟೀಸವಾಲು ಇಷ್ಟೂ ಕೈಗೆ ಹತ್ತಬೇಕು. ಬೇಲಿ ತಕರಾರು ಮತ್ತು ಟ್ರೇಡ್‌ಮಾರ್ಕ್ ದಾವೆಯ ತಡೆಯಾಜ್ಞೆಗೆ ಬೇಕಾದ ಮೂರು ಅಂಶ ಒಂದೇ: ಮೇಲ್ನೋಟಕ್ಕೆ ಕಾಣುವ ಹಕ್ಕು, ಅನುಕೂಲದ ತಕ್ಕಡಿ, ತುಂಬಲಾಗದ ನಷ್ಟ.

ಒಂದು ಉಪ್ಪಿನಕಾಯಿ ಬಾಟಲಿಯನ್ನು ಓದುವುದು

ಕಕ್ಷಿದಾರರು ಬಂದರೆ ಮೊದಲು ಮಾಲನ್ನು ಮೇಜಿನ ಮೇಲೆ ಇಡಲು ಹೇಳಿ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಎಂದುಕೊಳ್ಳಿ. ಲೇಬಲ್ಲಿನ ಮೇಲೆ ದೊಡ್ಡದಾಗಿ 'ಹೆಗಡೆ ಶಿರಸಿ ಅಪ್ಪೆಮಿಡಿ' ಎಂದಿದೆ. ಕೆಳಗೆ ಮಾವಿನ ಮಿಡಿಯ ಚಿತ್ರ, ಹಸಿರು ಅಂಚು, 'ಅಜ್ಜಿಯ ಕೈರುಚಿ' ಎಂಬ ಸಾಲು, ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಸಂಖ್ಯೆ.

ಹೆಸರನ್ನು ಬಿಡಿಸಿ ನೋಡಿ. 'ಅಪ್ಪೆಮಿಡಿ' ಪದಾರ್ಥದ ಹೆಸರು, ಅದನ್ನು ಯಾರೊಬ್ಬರೂ ತಮ್ಮ ಟ್ರೇಡ್‌ಮಾರ್ಕ್ ಎನ್ನುವಂತಿಲ್ಲ. 'ಶಿರಸಿ' ಊರಿನ ಹೆಸರು. ಟ್ರೇಡ್‌ಮಾರ್ಕ್ ಕಾಯ್ದೆ 1999ರ ಕಲಂ 9ರ ಅಡಿ ಆಕ್ಷೇಪ ಬರುತ್ತದೆ. 'ಹೆಗಡೆ' ನಮ್ಮ ತಾಲೂಕುಗಳಲ್ಲಿ ಮನೆಮನೆಯ ಅಡ್ಡಹೆಸರು. ನೋಂದಣಿ ಆದರೂ ಇನ್ನೊಬ್ಬ ಹೆಗಡೆಯವರು ಪ್ರಾಮಾಣಿಕವಾಗಿ ತಮ್ಮ ಹೆಸರು ಬಳಸುವುದನ್ನು ಕಲಂ 35 ತಡೆಯಲು ಬಿಡುವುದಿಲ್ಲ. ಅಂದರೆ ಈ ಮೂರು ಪದಗಳಲ್ಲಿ ಕಾಯಲು ಯೋಗ್ಯವಾದದ್ದು ಬಹುಮಟ್ಟಿಗೆ ಏನೂ ಇಲ್ಲ. ಇದನ್ನು ಕಕ್ಷಿದಾರರಿಗೆ ಮೊದಲ ದಿನವೇ ಹೇಳಿ. ಹೊಸದಾಗಿ ಶುರು ಮಾಡುವವರಾದರೆ ಪದಾರ್ಥಕ್ಕೆ ನೇರ ಸಂಬಂಧವಿಲ್ಲದ, ನಾಲಿಗೆಗೆ ಸಲೀಸಾದ ಒಂದು ಪದ ಹುಡುಕಲು ಹೇಳಿ. ಉಪ್ಪಿನಕಾಯಿಗೆ 'ಬೇಣ' (ಹುಲ್ಲುಗಾವಲು) ಎಂದು ಇಟ್ಟರೆ ಅದು ಗಟ್ಟಿ ಗುರುತು. ಹತ್ತು ವರ್ಷದಿಂದ ಹಳೆಯ ಹೆಸರಿನಲ್ಲೇ ಮಾರುತ್ತಿದ್ದಾರೆಂದಾದರೆ, ಲೇಬಲ್ಲನ್ನು ಇಡಿಯಾಗಿ ಚಿತ್ರರೂಪದ ಗುರುತಾಗಿ ಸಲ್ಲಿಸಿ, ಬಳಕೆಯ ಸಾಕ್ಷ್ಯವನ್ನು ಬಲವಾಗಿ ಕಟ್ಟಬೇಕು.

ಈಗ ಚಿತ್ರ ಮತ್ತು ಅಂಚು. ಅದನ್ನು ಬರೆದವರು ಯಾರು? ಹೆಚ್ಚಿನ ಸಲ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತ ಡಿಸೈನರ್. ಆತ ಕಕ್ಷಿದಾರರ ನೌಕರನಲ್ಲ. ಬರವಣಿಗೆಯಲ್ಲಿ ಕೊಡದ ಹೊರತು ಲೇಬಲ್ಲಿನ ಕಲೆಯ ಕಾಪಿರೈಟ್ ಆತನಲ್ಲೇ ಉಳಿಯಿತು ಎಂಬ ವಾದಕ್ಕೆ ಜಾಗ ಇದೆ. ಎರಡು ಪುಟದ ವರ್ಗಾವಣೆ ಪತ್ರ ಅವತ್ತೇ ಮಾಡಿಸಿ, ಡಿಸೈನರ್ ಊರಿನಲ್ಲೇ ಇರುವಾಗ. ಐದು ವರ್ಷದ ಮೇಲೆ ಆತ ಪುಣೆಗೋ ದುಬೈಗೋ ಹೋಗಿರುತ್ತಾನೆ, ಸಹಿಗೆ ಓಡಾಡುವ ಪಾಡು ನಿಮ್ಮದಾಗುತ್ತದೆ.

ಬಾಟಲಿಯ ಮೇಲೆ ವೃತ್ತದೊಳಗಿನ ಆರ್ ಚಿಹ್ನೆ ಇದೆಯೋ ನೋಡಿ. ನೋಂದಣಿಯಾಗದೆ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ. ಅರ್ಜಿ ಹಾಕಿದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ. ಅಲ್ಲಿಯವರೆಗೆ ಟಿಎಂ ಎಂದು ಹಾಕಿಕೊಳ್ಳಬಹುದು.

ಅರ್ಜಿ ಸಲ್ಲಿಸುವ ಕ್ರಮ

ಮೊದಲು ಹುಡುಕಾಟ. ಕನ್ನಡದ ಒಂದು ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ರೀತಿ ಬರೆಯಬಹುದು. ಉಕಾರಕ್ಕೆ ಒಂದು ಅಕ್ಷರವೋ ಎರಡೋ, ಶ ಮತ್ತು ಸ, ಳ ಮತ್ತು ಲ, ಕೊನೆಯಲ್ಲಿ ಒಂದು 'ಎ' ಹೆಚ್ಚೋ ಕಡಿಮೆಯೋ, ಎಲ್ಲ ಬಗೆಯಲ್ಲೂ ಹುಡುಕಿ. ಅನಂತರ ಧ್ವನಿಸಾಮ್ಯದ ಹುಡುಕಾಟ. ಚಿತ್ರ ಇದ್ದರೆ, ಚಿತ್ರಗಳನ್ನು ವಿಂಗಡಿಸುವ ವಿಯೆನ್ನಾ ಕೋಡ್ ಹಾಕಿ. ಹಿಂದಿ, ಮರಾಠಿಯಲ್ಲಿ ಅದೇ ಅರ್ಥದ ಪದ ಮುಂಚೆ ನೋಂದಣಿಯಾಗಿದೆಯೇ ಎಂಬುದನ್ನೂ ನೋಡುವುದು ಒಳ್ಳೆಯದು.

ಎರಡನೆಯದು ವರ್ಗ. ಒಟ್ಟು 45 ವರ್ಗಗಳಿವೆ, ಒಂದೊಂದಕ್ಕೂ ಬೇರೆ ಶುಲ್ಕ. ಉಪ್ಪಿನಕಾಯಿ, ಒಣಮೀನು, ಸಂಸ್ಕರಿಸಿದ ಗೋಡಂಬಿ 29ರಲ್ಲಿ. ಜೇನು, ಬೆಲ್ಲ, ಮಸಾಲೆಯಾಗಿ ಮಾರುವ ಕಾಳುಮೆಣಸು 30ರಲ್ಲಿ. ತಾಜಾ ಹಣ್ಣು, ತೋಟದಿಂದ ಬಂದ ಸಂಸ್ಕರಿಸದ ಬೆಳೆ 31ರಲ್ಲಿ. ಮುರುಗಲು ಶರಬತ್ತು 32. ಅಂಗಡಿ ವ್ಯಾಪಾರ 35, ಹೋಮ್‌ಸ್ಟೇ ಮತ್ತು ಹೋಟೆಲು 43, ಇಳಿಸಿಕೊಳ್ಳುವ ಸಾಫ್ಟ್‌ವೇರ್ 9, ಆನ್‌ಲೈನಿನಲ್ಲಿ ಸೇವೆಯಾಗಿ ಕೊಡುವ ಸಾಫ್ಟ್‌ವೇರ್ 42. ಗೋಕರ್ಣದ ಹೋಮ್‌ಸ್ಟೇಯವರು ಉಪ್ಪಿನಕಾಯಿಯನ್ನೂ ಮಾರುತ್ತಿದ್ದರೆ 43 ಒಂದೇ ಸಾಲದು.

ಮೂರನೆಯದು ಅರ್ಜಿದಾರ ಯಾರು ಎಂಬುದು. ಹೆಚ್ಚು ಕೆಡುವುದು ಇಲ್ಲೇ. ನೋಂದಣಿಯಾಗದ ಸ್ವಸಹಾಯ ಗುಂಪು ಕಾನೂನಿನ ಕಣ್ಣಿಗೆ ವ್ಯಕ್ತಿಯಲ್ಲ. ಗುಂಪಿನ ಅಧ್ಯಕ್ಷೆಯ ಹೆಸರಿನಲ್ಲಿ ಅರ್ಜಿ ಹಾಕಿ, ಎರಡು ವರ್ಷಕ್ಕೆ ಅವರು ಗುಂಪು ಬಿಟ್ಟರೆ ಹೆಸರು ಅವರ ಜೊತೆಗೇ ಹೋಗುತ್ತದೆ. ಸಹಕಾರಿ ಸಂಘ, ಪಾಲುದಾರಿಕೆ ಅಥವಾ ರೈತ ಉತ್ಪಾದಕ ಕಂಪನಿ ಮಾಡಿಕೊಂಡ ಮೇಲೆ ಅದರ ಹೆಸರಿನಲ್ಲಿ ಹಾಕಿಸಿ. ಅವಿಭಕ್ತ ಕುಟುಂಬದ ಉದ್ದಿಮೆಯಾದರೆ ಅಣ್ಣತಮ್ಮಂದಿರು ಹಿಸ್ಸೆಯಾಗುವಾಗ ಗುರುತು ಯಾರಿಗೆ ಎಂಬುದನ್ನು ಪಾಲುಪಟ್ಟಿಯಲ್ಲಿ ಬರೆಯಿಸಿ. ತೋಟ, ಮನೆ, ಕೊಟ್ಟಿಗೆ ಎಲ್ಲವನ್ನೂ ಗುಂಟೆ ಲೆಕ್ಕದಲ್ಲಿ ಬರೆದು ಬ್ರಾಂಡನ್ನು ಮರೆತ ಪಾಲುಪಟ್ಟಿ ಮುಂದಿನ ತಲೆಮಾರಿಗೆ ದಾವೆ ಬಿಟ್ಟುಹೋಗುತ್ತದೆ.

ನಮೂನೆ ಟಿಎಂ-ಎ. ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ, ಅರ್ಜಿದಾರರು ವ್ಯಕ್ತಿ, ನವೋದ್ಯಮ ಅಥವಾ ಸಣ್ಣ ಉದ್ದಿಮೆ ಆಗಿದ್ದರೆ, ಉಳಿದವರಿಗೆ 9,000. ಸಣ್ಣ ಉದ್ದಿಮೆ ಎನ್ನಲು ಉದ್ಯಮ್ ಪ್ರಮಾಣಪತ್ರ ಲಗತ್ತಿಸಬೇಕು. ನಿಮ್ಮ ಹೆಸರಿನ ಕ್ಲಾಸ್ 3 ಡಿಜಿಟಲ್ ಸಹಿ ಬೇಕು, ಕಕ್ಷಿದಾರರಿಂದ ಅಧಿಕಾರಪತ್ರ ಬೇಕು. ಗುರುತು ಕನ್ನಡ ಲಿಪಿಯಲ್ಲಿದ್ದರೆ ಅದರ ಉಚ್ಚಾರವನ್ನು ಇಂಗ್ಲಿಷ್ ಅಕ್ಷರದಲ್ಲೂ ಅರ್ಥವನ್ನು ಅನುವಾದದಲ್ಲೂ ಕೊಡಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ವಿಚಾರಣೆ ವಿಡಿಯೊದಲ್ಲಿ ನಡೆಯುವುದರಿಂದ ಶಿರಸಿಯ ಕಚೇರಿಯಲ್ಲೇ ಕೂತು ಮುಗಿಸಬಹುದು. ಮಳೆಗಾಲದಲ್ಲಿ ಕರೆಂಟು ಹೋಗುವ ಊರು ನಮ್ಮದು. ವಿಚಾರಣೆಯ ದಿನ ಇನ್ವರ್ಟರ್ ಜೊತೆಗೆ ಬೇರೆ ಕಂಪನಿಯ ಸಿಮ್ ಇರುವ ಎರಡನೇ ಮೊಬೈಲನ್ನೂ ಸಿದ್ಧ ಇಟ್ಟುಕೊಳ್ಳಿ.

ಬಳಕೆಯ ತಾರೀಖು ಬರೆಯುವಾಗ ಕೈ ತಡೆದು ಬರೆಯಿರಿ. 'ಇನ್ನು ಮುಂದೆ ಬಳಸುತ್ತೇವೆ' ಎಂದು ಒಮ್ಮೆ ಹಾಕಿದರೆ, ಹದಿನೈದು ವರ್ಷದಿಂದ ಮಾರುತ್ತಿದ್ದೇವೆ ಎಂದು ನಂತರ ತಿದ್ದುವುದು ಬಹಳ ಕಷ್ಟ. ಹಳೆಯ ತಾರೀಖು ಹಾಕಿದರೆ ಅರ್ಜಿಯ ಜೊತೆಗೇ ಬಳಕೆಯ ಅಫಿಡವಿಟ್ ಮತ್ತು ದಾಖಲೆ ಬೇಕು. ನಮ್ಮಲ್ಲಿ ಬಿಲ್ಲು ಇಟ್ಟವರು ಕಡಿಮೆ. ಆದರೆ ಹುಡುಕಿದರೆ ಸಿಗುತ್ತದೆ: ಪ್ರೆಸ್ಸಿನವರು ಲೇಬಲ್ ಅಚ್ಚು ಹಾಕಿದ ಬಿಲ್ಲು, ಬಾಟಲಿ ತರಿಸಿದ ರಸೀದಿ, ಕದಂಬೋತ್ಸವದಲ್ಲೋ ಜಾತ್ರೆಯಲ್ಲೋ ಮಳಿಗೆ ಹಿಡಿದ ಚೀಟಿ, ಬಸ್ಸಿನಲ್ಲಿ ಪಾರ್ಸೆಲ್ ಹಾಕಿದ ಚೀಟಿ, ಊರಿನ ಶಾಲೆಯ ಸ್ಮರಣಸಂಚಿಕೆಯಲ್ಲಿ ಕೊಟ್ಟ ಜಾಹೀರಾತು, ಸಹಕಾರಿ ಸಂಘದ ಖರೀದಿ ಪುಸ್ತಕದ ಪುಟ. ಸ್ಮರಣಸಂಚಿಕೆಯ ಜಾಹೀರಾತು ಚಿನ್ನದಂಥ ಸಾಕ್ಷ್ಯ, ಏಕೆಂದರೆ ಅದರಲ್ಲಿ ವರ್ಷ, ಹೆಸರು, ಚಿತ್ರ ಮೂರೂ ಒಟ್ಟಿಗೆ ಇರುತ್ತವೆ.

ಅರ್ಜಿ ಹಾಕಿದ ಮೇಲೆ ಕೆಲಸ ಮುಗಿಯಿತು ಎಂದುಕೊಂಡವರೇ ಸೋತಿರುವುದು. ಪರಿಶೀಲನಾ ವರದಿ ಇಮೇಲಿಗೆ ಬರುತ್ತದೆ, ಕೈಸೇರಿದ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸಿ, ಸೆಂಟರಿನವರದೇ ಇಮೇಲ್ ಕೊಟ್ಟು, ವರದಿ ಬಂದದ್ದೇ ತಿಳಿಯದೆ ಅರ್ಜಿ ಬಿದ್ದುಹೋದ ಕಡತಗಳು ನಿಮ್ಮ ಮೇಜಿಗೆ ಬರುತ್ತಲೇ ಇರುತ್ತವೆ. ಒಪ್ಪಿಗೆಯಾದ ಮೇಲೆ ಟ್ರೇಡ್‌ಮಾರ್ಕ್ ಜರ್ನಲಿನಲ್ಲಿ ಪ್ರಕಟಣೆ, ಅಲ್ಲಿಂದ 4 ತಿಂಗಳು ಯಾರು ಬೇಕಾದರೂ ವಿರೋಧ ಸಲ್ಲಿಸಬಹುದು. ವಿರೋಧ ಬಂದರೆ ಪ್ರತಿಹೇಳಿಕೆಗೆ ಸಿಗುವುದು 2 ತಿಂಗಳು, ಒಂದು ದಿನವೂ ಹೆಚ್ಚು ಸಿಗುವುದಿಲ್ಲ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಣ. ಚೆನ್ನೈ ಕಚೇರಿಯ ಆದೇಶದ ಮೇಲಿನ ಮೇಲ್ಮನವಿ, 2021ರಲ್ಲಿ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿ ರದ್ದಾದ ಮೇಲೆ, ಮದ್ರಾಸ್ ಹೈಕೋರ್ಟಿಗೆ ಹೋಗುತ್ತದೆ. ಅಲ್ಲಿ ನಂಬಿಕೆಯ ಒಬ್ಬ ವಕೀಲರ ಪರಿಚಯ ಮಾಡಿಟ್ಟುಕೊಳ್ಳಿ.

ಜರ್ನಲ್ ಪ್ರತಿ ಸೋಮವಾರ ಬರುತ್ತದೆ. 29, 30, 31, 35, 43ನೇ ವರ್ಗಗಳನ್ನು ಒಂದು ಗಂಟೆ ಕೂತು ನೋಡುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಕಕ್ಷಿದಾರರ ಹೆಸರಿಗೆ ಹತ್ತಿರವಾದದ್ದು ಕಂಡ ದಿನವೇ ಫೋನು ಮಾಡಿ.

ಶಿರಸಿ ಅಡಿಕೆ, ಅಂಕೋಲೆಯ ಕರಿ ಇಶಾಡು

ಶಿರಸಿ ಅಡಿಕೆಗೆ 2019ರಲ್ಲಿ, ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಕ, ಅಂದರೆ ಜಿಐ, ಸಿಕ್ಕಿತು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಬೆಳೆಗಾರರಿಗೆ ತಾನಾಗಿ ಹಕ್ಕು ಬಂತು ಎಂಬ ಭಾವನೆ ಇದೆ. ಹಾಗಿಲ್ಲ. ಜಿಐ ಪಡೆದ ಸಂಸ್ಥೆ ಒಡೆಯ. ಬೆಳೆಗಾರ ಅಥವಾ ಮಾರುವವ ಅಧಿಕೃತ ಬಳಕೆದಾರನಾಗಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು, ನಮೂನೆ ಜಿಐ-3. ನಕಲಿನ ಮೇಲೆ ದಾವೆ ಹೂಡಲು ಆ ನೋಂದಣಿ ಬೇಕು. ಸೇವಾ ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಅರ್ಧ ಗಂಟೆ ಕೇಳಿ ಪಡೆದು ಇದನ್ನು ವಿವರಿಸಿ, ಪಹಣಿ ಮತ್ತು ಬೆಳೆ ದಾಖಲೆ ಹಿಡಿದು ಒಟ್ಟಿಗೆ ಅರ್ಜಿ ತುಂಬಿಸಿದರೆ ಬೆಳೆಗಾರರಿಗೂ ಉಪಕಾರ, ನಿಮಗೂ ಕೆಲಸ. ಜಿಐ ಯಾರಿಗೂ ಮಾರಲು ಬರುವುದಿಲ್ಲ, ಅಡವಿಡಲು ಬರುವುದಿಲ್ಲ. ಹೊರಗಿನ ಅಡಿಕೆ ತಂದು ಊರಿನ ಹೆಸರು ಹಚ್ಚಿ ಮಾರುವವರು ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರೆ ಜಿಐ ಕಾಯ್ದೆಯ ಕಲಂ 25 ತೋರಿಸಿ ತಡೆಯಬಹುದು.

ಬೆಳೆಯ ತಳಿಗೇ ರಕ್ಷಣೆ ಬೇಕಾದರೆ ದಾರಿ ಬೇರೆ: ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001. ಕುಮಟಾದ ಉಪ್ಪುನೀರಿನ ಗಜನಿ ಗದ್ದೆಗಳ ಕಗ್ಗ ಭತ್ತದಂಥ ತಳಿಗಳನ್ನು ರೈತರ ತಳಿಯಾಗಿ ನೋಂದಾಯಿಸಲು ಅವಕಾಶ ಈ ಕಾಯ್ದೆಯಲ್ಲಿದೆ, ರೈತರಿಗೆ ಶುಲ್ಕವಿಲ್ಲ.

ಯಕ್ಷಗಾನ, ರೆಕಾರ್ಡಿಂಗ್, ಮರಣಶಾಸನ

ಯಕ್ಷಗಾನದ ರಾತ್ರಿಯಿಡೀ ಆಟ ಈಗ ಮೊಬೈಲಿನಲ್ಲಿ ನೇರ ಪ್ರಸಾರವಾಗುತ್ತದೆ. ಅದರೊಳಗೆ ಹಲವು ಹಕ್ಕುಗಳು ಒಂದರ ಮೇಲೊಂದು ಕೂತಿವೆ. ಹಳೆಯ ಪ್ರಸಂಗ ಸಾರ್ವಜನಿಕ ಸ್ವತ್ತು. ಹೊಸ ಪ್ರಸಂಗ ಕರ್ತೃವಿನದು, ಅವರ ಕಾಲಾನಂತರ 60 ವರ್ಷ. ಭಾಗವತರು, ಮದ್ದಳೆಯವರು, ವೇಷಧಾರಿಗಳು ಒಬ್ಬೊಬ್ಬರಿಗೂ ಕಾಪಿರೈಟ್ ಕಾಯ್ದೆಯ ಕಲಂ 38ರ ಅಡಿ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಅವರ ಒಪ್ಪಿಗೆಯಿಲ್ಲದೆ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವಂತಿಲ್ಲ. ಮೇಳದ ಯಜಮಾನರಿಗೆ ಹೇಳಿ: ತಿರುಗಾಟದ ಆರಂಭದಲ್ಲಿ ಕಲಾವಿದರ ಜೊತೆ ಮಾಡುವ ಒಪ್ಪಂದಕ್ಕೆ ರೆಕಾರ್ಡಿಂಗಿನ ಒಂದು ಪ್ಯಾರಾ ಸೇರಿಸಿ, ಯಾವ ಚಾನೆಲ್ಲಿಗೆ, ಆದಾಯದಲ್ಲಿ ಕಲಾವಿದರಿಗೆ ಎಷ್ಟು, ಎಷ್ಟು ವರ್ಷ. ಕಲಾವಿದರ ಪರ ಇರುವ ವಕೀಲರು ಆದಾಯದ ಸಾಲನ್ನು ಬಿಡದೆ ಬರೆಸಬೇಕು.

ಪಕ್ಕದ ಉಡುಪಿ ಜಿಲ್ಲೆಯ ಶಿವರಾಮ ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಕಾಪಿರೈಟ್ ಯಾರದು ಎಂಬ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರಲ್ಲಿ ತೀರ್ಮಾನವಾಯಿತು. ಮರಣಶಾಸನದಲ್ಲಿ ಹೆಸರಿಸದೆ ಉಳಿದ ಸ್ವತ್ತುಗಳು ಯಾರಿಗೆ ಎಂದು ಹೇಳುವ ಕೊನೆಯ ಷರತ್ತಿನಲ್ಲಿ ಕಾಪಿರೈಟೂ ಸೇರುತ್ತದೆಯೇ ಎಂಬುದು ಆ ವ್ಯಾಜ್ಯದ ಒಂದು ದೊಡ್ಡ ಪ್ರಶ್ನೆ. ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. ಈ ತೀರ್ಪನ್ನು ಪೂರ್ತಿ ಓದಿ. ಪ್ರಸಂಗ ಬರೆದವರು, ಹಾಡು ಕಟ್ಟಿದವರು ಮರಣಶಾಸನ ಮಾಡಿಸಲು ಬಂದರೆ ಬರಹಗಳ ಹೆಸರನ್ನು ಒಂದೊಂದಾಗಿ ಬರೆದು ಯಾರಿಗೆ ಎಂದು ನಮೂದಿಸಿ.

ಅನುಮತಿಯಿಲ್ಲದೆ ಹಾಕಿದ ವಿಡಿಯೊ ಇಳಿಸಲು ಮೊದಲು ವೇದಿಕೆಗೆ ಬರವಣಿಗೆಯ ದೂರು. ಕಾಪಿರೈಟ್ ನಿಯಮಗಳು 2013ರ ನಿಯಮ 75ರ ಪ್ರಕಾರ ದೂರು ಸರಿಯಿದ್ದರೆ 36 ಗಂಟೆಯೊಳಗೆ ತಡೆಯಬೇಕು, 21 ದಿನದೊಳಗೆ ನೀವು ನ್ಯಾಯಾಲಯದ ಆದೇಶ ತರಬೇಕು. ಆದೇಶ ತರದಿದ್ದರೆ ವಿಡಿಯೊ ಮತ್ತೆ ಮೇಲೇರಬಹುದು. ಹಾಗಾಗಿ ದೂರು ಕಳಿಸುವ ದಿನವೇ ದಾವಾಪತ್ರದ ಕರಡು ಮೇಜಿನ ಮೇಲಿರಲಿ.

ಸಾಫ್ಟ್‌ವೇರ್ ಕರಾರು

ಸಹಕಾರಿ ಸಂಘ, ಶಾಲೆ, ಆಸ್ಪತ್ರೆಗಳು ಹುಬ್ಬಳ್ಳಿಯದೋ ಮಂಗಳೂರಿನದೋ ಸಣ್ಣ ಕಂಪನಿಯಿಂದ ಸಾಫ್ಟ್‌ವೇರ್ ಬರೆಸುತ್ತವೆ. ಹಣ ಪೂರ್ತಿ ಕೊಟ್ಟಿರುತ್ತಾರೆ, ಕೋಡು ತಮ್ಮದೆಂದೇ ನಂಬಿರುತ್ತಾರೆ. ಕಾಪಿರೈಟ್ ಕಾಯ್ದೆ 1957ರ ಕಲಂ 17ರ ಪ್ರಕಾರ ನೌಕರ ಬರೆದದ್ದು ಮಾಲೀಕನದು; ಹೊರಗಿನ ಗುತ್ತಿಗೆದಾರ ಬರೆದದ್ದು, ಬರವಣಿಗೆಯ ವರ್ಗಾವಣೆ ಇಲ್ಲದಿದ್ದರೆ, ಆತನದೇ. ವರ್ಗಾವಣೆ ಬರೆದರೂ ಕಲಂ 19ರಲ್ಲಿ ಮೂರು ಗುಂಡಿಗಳಿವೆ. ಅವಧಿ ಬರೆಯದಿದ್ದರೆ 5 ವರ್ಷ ಮಾತ್ರ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕು, ಬೇರೆ ಹೇಳದಿದ್ದರೆ, ಬಿದ್ದುಹೋಗುತ್ತದೆ. ಮೂರನ್ನೂ ಮುಚ್ಚುವ ಷರತ್ತು ಹೀಗಿರಲಿ:

'ಈ ಕರಾರಿನಡಿ ಬರೆದ ಸಾಫ್ಟ್‌ವೇರಿನ ಮೂಲ ಕೋಡು, ಪರದೆಯ ವಿನ್ಯಾಸ ಹಾಗೂ ಕೈಪಿಡಿಯ ಕಾಪಿರೈಟಿನ ಎಲ್ಲ ಹಕ್ಕುಗಳನ್ನು ಒಂದನೇ ಪಾರ್ಟಿಯವರು ಮೇಲೆ ಹೇಳಿದ ಮೊಬಲಗನ್ನು ಪಡೆದು, ಕಾಪಿರೈಟ್ ಊರ್ಜಿತವಿರುವ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ ಅನ್ವಯಿಸುವಂತೆ ಎರಡನೇ ಪಾರ್ಟಿಯವರಿಗೆ ವರ್ಗಾಯಿಸಿರುತ್ತಾರೆ. ಎರಡನೇ ಪಾರ್ಟಿಯವರು ಯಾವುದೇ ಹಕ್ಕನ್ನು ಒಂದು ವರ್ಷದೊಳಗೆ ಬಳಸದ ಕಾರಣಕ್ಕೆ ಕಲಂ 19(4)ರ ಪ್ರಕಾರ ಈ ವರ್ಗಾವಣೆ ರದ್ದಾಗತಕ್ಕದ್ದಲ್ಲ.'

ಹಕ್ಕು ಬರೆಸಿಕೊಂಡು ಕೋಡೇ ಕೈಯಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಪ್ರತಿ ಹೊಸ ಆವೃತ್ತಿಯ ಮೂಲ ಕೋಡನ್ನು ಪೆನ್‌ಡ್ರೈವಿನಲ್ಲಿ ಪಡೆದು, ಅದರ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನು ಸ್ವೀಕೃತಿ ಪತ್ರದಲ್ಲಿ ಬರೆದು ಇಬ್ಬರೂ ಸಹಿ ಮಾಡುವ ಪದ್ಧತಿ ಹಾಕಿಕೊಡಿ. ಕೋಡಿನ ಕಾಪಿರೈಟ್ ನೋಂದಣಿಗೆ ನಮೂನೆ 14, ಶುಲ್ಕ 500 ರೂಪಾಯಿ, ಮೊದಲ 10 ಮತ್ತು ಕೊನೆಯ 10 ಪುಟಗಳು. ಪುಟದಲ್ಲಿ ಯಾವ ಸಾಲನ್ನೂ ಕಪ್ಪು ಮಾಡುವಂತಿಲ್ಲ.

ಗ್ರಾಹಕರ ಆಧಾರ್, ಫೋನು, ಸಾಲದ ವಿವರ ಇಟ್ಟುಕೊಂಡವರ ಮೇಲೆ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಹೊಣೆ ಬರುತ್ತಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಗಡುವು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಯಲ್ಲಿ ಓದಲು ಗ್ರಾಹಕರಿಗೆ ಆಯ್ಕೆ ಕೊಡಬೇಕು. ಸಂಘದ ಸದಸ್ಯೆಯೊಬ್ಬರಿಗೆ ಓದಿದ ಕೂಡಲೇ ಅರ್ಥವಾಗುವ ಕನ್ನಡದಲ್ಲಿ ಅದನ್ನು ಬರೆಯುವ ಕೆಲಸಕ್ಕೆ ನಮ್ಮ ಊರಿನ ವಕೀಲರಿಗಿಂತ ಅರ್ಹರು ಯಾರು?

ಅಡಿಕೆ ಯಂತ್ರ ಮತ್ತು ಕೃಷಿ ಮೇಳ

ಮರ ಹತ್ತುವ, ಅಡಿಕೆ ಸುಲಿಯುವ, ಔಷಧಿ ಹೊಡೆಯುವ ಯಂತ್ರ ಮಾಡಿದ ಕೃಷಿಕರು ನಿಮ್ಮ ಬಳಿಗೆ ಬರುವುದು ಕೃಷಿ ಮೇಳದಲ್ಲಿ ಬಹುಮಾನ ಬಂದ ಮೇಲೆ. ಅಷ್ಟರಲ್ಲಿ ತಡವಾಗಿರುತ್ತದೆ. ಸಾರ್ವಜನಿಕರ ಮುಂದೆ ತೋರಿಸಿದರೆ, ವಾಟ್ಸ್ಯಾಪಿನಲ್ಲಿ ವಿಡಿಯೊ ಹರಿದಾಡಿದರೆ ಹೊಸತನ ಹೋಯಿತು, ಪೇಟೆಂಟ್ ಸಿಗುವುದು ಕಷ್ಟ. ಪ್ರದರ್ಶನಕ್ಕೆ ಇರುವ ವಿನಾಯಿತಿ ಕೇಂದ್ರ ಸರ್ಕಾರ ರಾಜಪತ್ರದಲ್ಲಿ ಹೆಸರಿಸಿದ ಪ್ರದರ್ಶನಗಳಿಗೆ ಮಾತ್ರ. ಮೇಳಕ್ಕೆ ಹೋಗುವ ಮೊದಲು ತಾತ್ಕಾಲಿಕ ವಿವರಣೆಯ ಅರ್ಜಿ ಹಾಕಿಸಿ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ, ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ವರ್ಕ್‌ಶಾಪಿನ ವೆಲ್ಡರಿಗೆ ನಕ್ಷೆ ಕೊಡುವಾಗಲೂ ಒಂದು ಪುಟದ ಗೋಪ್ಯತಾ ಪತ್ರಕ್ಕೆ ಸಹಿ ಹಾಕಿಸಿ. ಕೃಷಿ ವಿಧಾನ, ಗಿಡ, ಬೀಜ, ಪಾರಂಪರಿಕ ಔಷಧಿ ಜ್ಞಾನ ಇವಕ್ಕೆ ಪೇಟೆಂಟ್ ಕಾಯ್ದೆಯ ಕಲಂ 3 ಪೇಟೆಂಟ್ ಕೊಡುವುದಿಲ್ಲ. ನಾಟಿ ವೈದ್ಯರು ಕೇಳಿಕೊಂಡು ಬಂದರೆ ಆಸೆ ಹುಟ್ಟಿಸದೆ ನೇರವಾಗಿ ಹೇಳಿ.

ದಾವೆ ಎಲ್ಲಿ, ಹೇಗೆ

ಟ್ರೇಡ್‌ಮಾರ್ಕ್, ಕಾಪಿರೈಟ್ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಅಭ್ಯಾಸಬಲದಿಂದ ತಾಲೂಕಿನ ಸಿವಿಲ್ ನ್ಯಾಯಾಲಯದಲ್ಲಿ ಹಾಕಿದರೆ ದಾವಾಪತ್ರ ವಾಪಸು ಬರುತ್ತದೆ, ತಡೆಯಾಜ್ಞೆಯ ಅಮೂಲ್ಯ ವಾರಗಳು ಹೋಗುತ್ತವೆ. ಮೌಲ್ಯ 3 ಲಕ್ಷ ರೂಪಾಯಿ ಮತ್ತು ಮೇಲ್ಪಟ್ಟದ್ದಾದರೆ ಅದು ವಾಣಿಜ್ಯ ದಾವೆ. ಯಾವ ನ್ಯಾಯಾಲಯ ವಾಣಿಜ್ಯ ನ್ಯಾಯಾಲಯವೆಂದು ಹೆಸರಿಸಲ್ಪಟ್ಟಿದೆ ಎಂಬುದನ್ನು ಕಾರವಾರದ ಜಿಲ್ಲಾ ನ್ಯಾಯಾಲಯದ ಶಿರಸ್ತೇದಾರರಲ್ಲಿ ಕೇಳಿ ಖಚಿತ ಮಾಡಿಕೊಂಡು ಹೂಡಿ. ತುರ್ತು ಪರಿಹಾರ ಕೇಳದಿದ್ದರೆ ಮೊದಲು ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ ಕಲಂ 12ಎ ಮಧ್ಯಸ್ಥಿಕೆ ಕಡ್ಡಾಯ, 2022ರಿಂದ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿ ಹೇಳಿದೆ. ಪ್ರತಿವಾದಿಯ ಕೈಫಿಯತ್ತಿಗೆ, ಅಂದರೆ ಲಿಖಿತ ಉತ್ತರಕ್ಕೆ, 120 ದಿನ ಕಡೆಯ ಗಡಿ; ದಾಟಿದರೆ ಹಕ್ಕೇ ಹೋಯಿತು. ಮೇಲ್ಮನವಿ ಹೈಕೋರ್ಟಿನ ಧಾರವಾಡ ಪೀಠಕ್ಕೆ.

ಸ್ಕ್ರೀನ್‌ಶಾಟ್ ತಂದು ಕೊಟ್ಟರೆ ಸಾಕ್ಷ್ಯವಾಗುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ಎ ಭಾಗಕ್ಕೆ ಕಕ್ಷಿದಾರರ ಸಹಿ, ಬಿ ಭಾಗಕ್ಕೆ ತಜ್ಞರ ಸಹಿ, ಎರಡರಲ್ಲೂ ಹ್ಯಾಶ್ ಸಂಖ್ಯೆ. ಆನ್‌ಲೈನಿನಲ್ಲಿ ನಕಲಿ ಮಾಲು ಕಂಡರೆ ಅದನ್ನು ಶಿರಸಿಯ ವಿಳಾಸಕ್ಕೆ ತರಿಸಿ, ಬಿಲ್ಲು, ಡಬ್ಬಿ, ಕೊರಿಯರ್ ಚೀಟಿ ಎಲ್ಲ ಇಟ್ಟುಕೊಳ್ಳಿ.

ಪೊಲೀಸ್ ದೂರಿನಲ್ಲಿ ಒಂದು ವ್ಯತ್ಯಾಸ ನೆನಪಿಡಿ. ಟ್ರೇಡ್‌ಮಾರ್ಕ್ ಕಾಯ್ದೆಯಡಿ ವಾರಂಟಿಲ್ಲದೆ ಜಪ್ತಿ ಮಾಡಲು ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಬೇಕು, ಅದಕ್ಕೂ ಮೊದಲು ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಬೇಕು. ಕಾಪಿರೈಟ್ ಕಾಯ್ದೆಯ ಕಲಂ 64ರಲ್ಲಿ ಸಬ್‌ಇನ್‌ಸ್ಪೆಕ್ಟರರೇ ಜಪ್ತಿ ಮಾಡಬಹುದು. ನಕಲಿ ಲೇಬಲ್ಲಿನ ಪ್ರಕರಣದಲ್ಲಿ ಎರಡನೆಯ ದಾರಿ ಬೇಗ ನಡೆಯುತ್ತದೆ, ಡಿಸೈನರ್ ಸಹಿ ಮಾಡಿದ ಆ ಎರಡು ಪುಟ ನಿಮ್ಮ ಕಡತದಲ್ಲಿದ್ದರೆ.

ಆನ್‌ಲೈನ್ ವಂಚನೆಯಾದವರು ಬಂದರೆ ಮೊದಲು ಸೈಬರ್ ಸಹಾಯವಾಣಿ 1930ಕ್ಕೆ ಫೋನು ಮಾಡಿಸಿ, ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೆ ದೂರು. ಪರಿಹಾರದ ಹಣಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 46ರಡಿ 5 ಕೋಟಿ ರೂಪಾಯಿವರೆಗಿನ ದಾವೆಯನ್ನು ಕೇಳುವವರು ರಾಜ್ಯದ ಐಟಿ ಇಲಾಖೆಯ ಕಾರ್ಯದರ್ಶಿ. ಸಿವಿಲ್ ನ್ಯಾಯಾಲಯಕ್ಕೆ ಅಲ್ಲಿ ಅಧಿಕಾರವಿಲ್ಲ.

ಶುಲ್ಕ ಮತ್ತು ಕಡತ

ಜಾಹೀರಾತು ಕೊಡುವಂತಿಲ್ಲ, ಬಾರ್ ಕೌನ್ಸಿಲ್ ನಿಯಮ 36 ತಡೆಯುತ್ತದೆ. ಕೆಲಸ ಹಬ್ಬುವುದು ಬಾಯಿಂದ ಬಾಯಿಗೆ. ಸರ್ಕಾರಿ ಶುಲ್ಕ ಬೇರೆ, ನಿಮ್ಮ ಶುಲ್ಕ ಬೇರೆ ಎಂದು ಕಾಗದದ ಮೇಲೆ ಬರೆದು ಕೊಡಿ. ಸಲ್ಲಿಕೆ, ವರದಿಗೆ ಉತ್ತರ, ವಿಚಾರಣೆ, ವಿರೋಧ ಹೀಗೆ ಹಂತಕ್ಕೊಂದು ಮೊತ್ತ. 'ಎಲ್ಲ ಸೇರಿ ಇಷ್ಟು' ಎಂದರೆ ವಿರೋಧ ಬಂದ ದಿನ ಮನಸ್ತಾಪ ತಪ್ಪದು.

ಕಚೇರಿಯಲ್ಲಿ ಒಂದು ದಪ್ಪ ರಿಜಿಸ್ಟರ್ ಇಡಿ, ಫೋನಿನ ಜ್ಞಾಪನೆ ಅದರ ಜೊತೆಗೆ ಇರಲಿ. ಕಾಲಂಗಳು: ಅರ್ಜಿ ಸಂಖ್ಯೆ, ವರ್ಗ, ಕಕ್ಷಿದಾರರ ಎರಡು ಫೋನು, ವರದಿ ತಲುಪಿದ ತಾರೀಖು, ಉತ್ತರದ ಕೊನೆಯ ದಿನ, ಜರ್ನಲಿನ ತಾರೀಖು, ವಿರೋಧದ ಕೊನೆಯ ದಿನ, ನವೀಕರಣದ ವರ್ಷ. ಕೊನೆಯ ದಿನಕ್ಕೆ ಏಳು ದಿನ ಮೊದಲಿನ ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅರ್ಜಿಯ ಸ್ಥಿತಿಯನ್ನು ಪ್ರತಿ ಸೋಮವಾರ ಜರ್ನಲಿನ ಜೊತೆಗೇ ನೋಡಿ, ನೋಡಿದ ದಿನಾಂಕ ಹಾಕಿ ಸಹಿ ಮಾಡಿ.